ಮಾಸು ಯಾವ ಕಡೆಗಿದೆ?

ಸ್ಕ್ಯಾನಿಂಗ್ ರಿಪೋರ್ಟನ್ನು ಡಾಕ್ಟರಿಗಿಂತ ಮೊದಲು ಕೆಳಮನೆಯ ಅಂಬುಜಾ ಮಾಮಿಗೆ ತೋರಿಸಿದ್ದೇ ಕೃಷ್ಣರಾಜನ ತಪ್ಪು. ಡಾಕ್ಟರು ಸಿಗುವುದು ಸಂಜೆ ಐದಕ್ಕೆ; ಕೀಲ್ಪಾಕಿನ ಆ ಫ್ಲ್ಯಾಟುಗಳಲ್ಲಿ ಮಾಮಿ ಯಾವಾಗ ಬೇಕಾದರೂ ಸಿಗುತ್ತಾರೆ. ರಿಪೋರ್ಟಿನಲ್ಲಿದ್ದದ್ದು ಎರಡೇ ಸಂಗತಿ. ಹೆಂಡತಿ ಸುಮೇಧಾಳ ಹೊಟ್ಟೆಯಲ್ಲಿರುವ ಮಗುವಿನ ತೂಕ ಏಳು ತಿಂಗಳಿಗೆ ಕೊಂಚ ಕಡಿಮೆ. ಮಗುವಿಗೆ ಆಹಾರ ಒದಗಿಸುವ ಮಾಸು ಗರ್ಭಕೋಶದ ಹಿಂಗೋಡೆಗೆ, ಎಡಬದಿಯಲ್ಲಿ ಅಂಟಿಕೊಂಡಿದೆ.

“ಮಾಸು ಹಿಂದೆ ಹೋಗಿ ಕೂತ್ರೆ ಮಗೂಗೆ ಸಾಪಾಡು ಹೆಂಗಪ್ಪಾ ಸೇರತ್ತೆ? ಎಡಕ್ಕೆ ಮಲಗ್ಸು, ಊಟ ತಾನಾಗೇ ಮಗೂಗೆ ಇಳಿಯತ್ತೆ,” ಎಂದರು ಮಾಮಿ.

ಸಂಜೆಯೊಳಗೆ ಮಗುವಿಗೆ ನೂರು ಗ್ರಾಂ ತೂಕವಾದರೂ ಏರಿಸಿಯೇ ಸಿದ್ಧ ಎಂದು ಕೃಷ್ಣರಾಜ ಪಣ ತೊಟ್ಟು, ಆಫೀಸಿಗೆ ರಜೆ ಹಾಕಿದ.

ಎದುರುಮನೆಯ ಗುಂಡಣ್ಣ, ರೈಲ್ವೆಯಿಂದ ನಿವೃತ್ತರು, ಇಣುಕಿದರು. “ಎಡಕ್ಕಾ? ಯಾರ್ರೀ ಹೇಳಿದ್ದು? ಮಾಸಿನ ಮೇಲೇ ಮಗು ಕೂತ್ರೆ ಲೈನು ಬ್ಲಾಕ್ ಆಗಲ್ವೇ? ಬಲಕ್ಕೆ ತಿರುಗ್ಸಿ. ಮೂವತ್ತು ವರ್ಷ ಸಿಗ್ನಲ್ ನೋಡಿದೋನು ಹೇಳ್ತಿದೀನಿ.”

ಯಾರನ್ನೂ ನೋಯಿಸದ ಕೃಷ್ಣರಾಜ ಫೋನಿನಲ್ಲಿ ಅಲಾರಂ ಇಟ್ಟ. ಅರ್ಧ ಗಂಟೆ ಎಡ, ಅರ್ಧ ಗಂಟೆ ಬಲ. ಮಾಳಿಗೆಯ ಮೇಲಿನ ಸಂಡಿಗೆಯನ್ನೂ ಯಾರೂ ಅಷ್ಟು ಶ್ರದ್ಧೆಯಿಂದ ಮಗುಚಿರಲಾರರು.

“ನಾನು ಬಸುರೀನಾ, ಒಣಗೋಕೆ ಹಾಕಿರೋ ಕಂಬಳೀನಾ, ಅದನ್ನಾದ್ರೂ ಹೇಳ್ರೀ,” ಎಂದಳು ಸುಮೇಧಾ.

ಮೂರು ಗಂಟೆಗೆ ಮಾಮಿಯೂ ಗುಂಡಣ್ಣನೂ ಮಂಚದ ಬಳಿ ಮುಖಾಮುಖಿಯಾದರು. ಅವರು ದಿಂಬನ್ನು ಎಡಕ್ಕೆಳೆದರು, ಇವರು ಬಲಕ್ಕೆ. ದಿಂಬು ಮಧ್ಯದಲ್ಲಿ ರಾಜೀನಾಮೆ ಕೊಟ್ಟಿತು. ಹತ್ತಿಯ ಮೋಡದೊಳಗಿಂದ ಎದ್ದ ಸುಮೇಧಾ ಕುರ್ಚಿಯ ಮೇಲೆ ನೆಟ್ಟಗೆ ಕೂತು, “ಡಾಕ್ಟರ್ ಹೇಳೋವರೆಗೂ ನಾನಿನ್ನು ಮಲಗಲ್ಲ,” ಎಂದಳು.

ಸಂಜೆ ನಾಲ್ವರೂ ಆಸ್ಪತ್ರೆಗೆ ಹೋದರು. ರಿಪೋರ್ಟು ನೋಡಿದ ಡಾಕ್ಟರಮ್ಮ, ಮಾಸು ಹಿಂದಿದ್ದರೂ ಚಿಂತೆಯಿಲ್ಲ, ರಕ್ತ ಚೆನ್ನಾಗಿ ಹರಿಯುತ್ತಿದೆ ಎಂದು ತಮಿಳಿನಲ್ಲಿ ಸಮಾಧಾನ ಹೇಳಿ, ಅಪ್ಪ ಹುಟ್ಟಿದಾಗ ಎಷ್ಟು ತೂಕವಿದ್ದರು ಎಂದು ಕೇಳಿದರು. ಕೃಷ್ಣರಾಜ ಹಾಸನಕ್ಕೆ ಫೋನು ಹಚ್ಚಿದ. ಸ್ಪೀಕರು ಆನ್ ಆಗಿತ್ತು.

“ಎರಡು ಕೇಜಿ ಮುಟ್ಲಿಲ್ಲ ಕಣೋ,” ಎಂದರು ತಾಯಿ. “ಒಂಬತ್ತು ತಿಂಗಳು ತುಂಬಿತ್ತು. ‘ಇಷ್ಟೇನಾ?’ ಅಂತ ನಿಮ್ಮಪ್ಪ ನರ್ಸನ್ನ ಎರಡು ಸಲ ಕೇಳಿದ್ರು.”

ಡಾಕ್ಟರಮ್ಮ ನಕ್ಕರು. ಮಗು ಅಪ್ಪನ ಮೈಕಟ್ಟನ್ನೇ ಹೊತ್ತಿರಬಹುದು. ಎರಡು ವಾರ ಬಿಟ್ಟು ಇನ್ನೊಮ್ಮೆ ನೋಡೋಣ ಎಂದರು.

ಹೊರಗೆ ಬಂದ ಮೇಲೆ ಮಾಮಿ ಕೃಷ್ಣರಾಜನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಹಂಗಾದ್ರೆ ಕೊರತೆ ಇರೋದು ಇಲ್ಲಿ.”

“ಬೆಳಿಗ್ಗೆ ಆರಕ್ಕೆ ಟೆರೇಸಿಗೆ ಬರ್ಲಿ. ಕಂಬಿ ಹಿಡಿದು ಜೋತಾಡಿದ್ರೆ ಎರಡಿಂಚು ಏರ್ತಾರೆ,” ಎಂದರು ಗುಂಡಣ್ಣ. ಮಾಮಿ ಮೊದಲ ಸಲ ಅವರ ಮಾತಿಗೆ ತಲೆಯಾಡಿಸಿದರು.

ಕಾಪಾಡುತ್ತಾಳೆಂಬ ಆಸೆಯಿಂದ ಕೃಷ್ಣರಾಜ ಹೆಂಡತಿಯತ್ತ ನೋಡಿದ.

“ಐದೂವರೆಗೇ ಎಬ್ಬಿಸಿ ಕಳಿಸ್ತೀನಿ ಮಾಮಿ,” ಎಂದಳು ಸುಮೇಧಾ.