ಸೌನಾ ಹಲಗೆಯ ಮೇಲೊಂದು ಎಂಜಿನ್ನು

— ನನ್ನ ಜಾಗದಲ್ಲಿ ಕೂತಿರೋದು ಯಾರು, ಕೌಕೊ?

— ಯಾರೂ ಇಲ್ಲ. ಎಂಜಿನ್ನು.

— ಅದು ಕಾಣ್ತಾ ಇದೆ. ಕೆಳಗೆ ಟವೆಲು ಹಾಸಿದೀಯಲ್ಲ, ಅದೂ ನನ್ನ ಟವೆಲು. ಯಾರೋ ಹತ್ತಿರದ ನೆಂಟರಿರಬೇಕು ಅಂತ ಕೇಳಿದೆ.

ರೌನಿ ಸೌನಾದ, ಅಂದರೆ ಹಬೆಸ್ನಾನದ ಕೋಣೆಯ, ಬಾಗಿಲು ಹಿಡಿದು ನಿಂತಿದ್ದಳು. ಅವಳ ಇನ್ನೊಂದು ಕೈಯಲ್ಲಿ ಮೈಗೆ ಬಡಿದುಕೊಳ್ಳುವ ಬರ್ಚ್ ಮರದ ಸೊಪ್ಪಿನ ಕಟ್ಟಿತ್ತು. ಒಳಗೆ ಒಲೆಯ ಮೇಲಿನ ಕಲ್ಲುಗಳು ನಿಗಿನಿಗಿ ಕಾದಿದ್ದವು. ಮೂವತ್ತೆಂಟು ವರ್ಷಗಳಿಂದ ಪ್ರತಿ ಶನಿವಾರ ಅವಳು ಕೂರುತ್ತಿದ್ದ ಮೇಲಿನ ಹಲಗೆಯ ಮೂಲೆಯಲ್ಲಿ ಗಂಡನ ಹಳೇ ಮೋಟಾರ್ ಸೈಕಲ್ಲಿನ ಎಂಜಿನ್ನು, ತಲೆ ಬಿಚ್ಚಿಸಿಕೊಂಡು, ಮೈಯೆಲ್ಲ ಎಣ್ಣೆ ಬೆವರುತ್ತ ಆರಾಮಾಗಿ ಕೂತಿತ್ತು.

— ಬಾಗಿಲು ಹಾಕು, ಶಾಖ ಹೋಗುತ್ತೆ.

— ನಿನ್ನೆ ಏನಂದೆ ನೀನು? ‘ನಾಳೆ ನೂರು ಡಿಗ್ರಿ ಕಾಯಿಸ್ತೀನಿ, ಹಿಡ್ಕೊಂಡಿರೋದು ತಾನಾಗೇ ಬಿಡುತ್ತೆ’ ಅಂದೆ.

— ಅಂದೆ.

— ನಾನು ನನ್ನ ಸೊಂಟ ಅಂದ್ಕೊಂಡೆ.

ಕೌಕೊ ನಿಜವಾಗಿಯೂ ಬೆರಗಾದ.

— ನಿನ್ನ ಸೊಂಟ ಹಿಡ್ಕೊಂಡಿದೆಯಾ? ಹೇಳಬಾರದಾ?

— ಹದಿನೈದು ದಿನದ ಹಿಂದೆ ಹೇಳಿದೆ. ‘ರಾತ್ರಿ ಎಣ್ಣೆ ಬಿಟ್ಟು ನೋಡೋಣ’ ಅಂದೆ ನೀನು. ಯಾರ ವಿಷಯ ಅಂತ ಈಗ ಗೊತ್ತಾಯ್ತು.

ಗಂಡನಿಗೆ ತನ್ನ ಸೊಂಟದ ಚಿಂತೆ ಹತ್ತಿತಲ್ಲ ಎಂಬ ಸಂತೋಷಕ್ಕೆ ಅವಳು ಬೆಳಿಗ್ಗೆ ಇಪ್ಪತ್ತು ಏಲಕ್ಕಿ ಬನ್ನು ಬೇಯಿಸಿದ್ದಳು. ಅದರಲ್ಲಿ ಆರು ಆಗಲೇ ಕೌಕೊನ ಹೊಟ್ಟೆ ಸೇರಿದ್ದವು. ಅದನ್ನು ನೆನೆದರೆ ಇನ್ನಷ್ಟು ಉರಿಯುತ್ತಿತ್ತು.

ಆ ಮೋಟಾರ್ ಸೈಕಲ್ಲು ಕಟ್ಟಿಗೆ ಕೊಟ್ಟಿಗೆಯಲ್ಲಿ ಮೂವತ್ತೊಂದು ವರ್ಷ ಕೋಳಿಗಳಿಗೆ ಅಟ್ಟವಾಗಿತ್ತು. ಕೌಕೊ ರಸ್ತೆ ಅಳತೆಯ ಕೆಲಸದಿಂದ ನಿವೃತ್ತನಾದ ಮರುದಿನವೇ ಅದರ ಭಾಗ್ಯ ತೆರೆಯಿತು. ಮೊದಲು ಕೋಳಿಗಳು ಹೊರಬಿದ್ದವು, ಆಮೇಲೆ ಕಟ್ಟಿಗೆ. ಈಗ ಮೂರು ವರ್ಷದಿಂದ ಕಟ್ಟಿಗೆ ಮಳೆಯಲ್ಲಿ ನೆನೆಯುತ್ತಿತ್ತು, ಮೋಟಾರ್ ಸೈಕಲ್ಲು ರೌನಿಯ ರಜಾಯಿ ಹೊದ್ದು ಮಲಗಿತ್ತು. ಇಷ್ಟಾದರೂ ಸಿಲಿಂಡರಿನೊಳಗೆ ತುಕ್ಕು ಹಿಡಿದು ಕೂತ ಪಿಸ್ಟನ್ನು ಒಂದು ಕೂದಲೆಳೆ ಅಲ್ಲಾಡಿರಲಿಲ್ಲ. ಕಡೆಗೆ ಬೇಸಿಗೆಯಲ್ಲಿ ಗಂಡ ಹೆಂಡಿರ ನಡುವೆ ಒಪ್ಪಂದವಾಗಿತ್ತು. ಅಕ್ಟೋಬರಿನ ಮೊದಲ ಶನಿವಾರದೊಳಗೆ ಪಿಸ್ಟನ್ನು ಅಲ್ಲಾಡಿದರೆ ಗಾಡಿ ಉಳಿಯುತ್ತದೆ. ಇಲ್ಲದಿದ್ದರೆ ಸೋಮವಾರ ಗುಜರಿಯವನು ಬಂದು ಎತ್ತಿಕೊಂಡು ಹೋಗುತ್ತಾನೆ, ಕೊಟ್ಟಿಗೆಗೆ ಕಟ್ಟಿಗೆ ವಾಪಸ್ಸು ಬರುತ್ತದೆ.

ಇವತ್ತೇ ಆ ಶನಿವಾರ.

ರೌನಿ ಈ ಒಪ್ಪಂದವನ್ನು ನೆನಪಿಸಲು ಬಾಯಿ ತೆರೆಯುವಷ್ಟರಲ್ಲಿ ಕೌಕೊ ಸರಕ್ಕನೆ ಒಳಗೆ ಹೋಗಿ ಎಂಜಿನ್ನಿನ ಪಕ್ಕ ಕೂತುಬಿಟ್ಟ. ಅವನಿಗೆ ಗೊತ್ತಿತ್ತು, ಅವಳು ಒಳಗೆ ಬಂದು ಜಗಳ ಆಡುವ ಹಾಗಿಲ್ಲ. ಸೌನಾದಲ್ಲಿ ಚರ್ಚಿನಲ್ಲಿ ಕೂತ ಹಾಗೆ ಕೂರಬೇಕು, ದನಿ ಎತ್ತಬಾರದು. ಅವಳ ಅಮ್ಮ ಕಲಿಸಿದ್ದು ಅದು. ಮದುವೆಯಾದ ಹೊಸದರಲ್ಲಿ ಆ ಪಾಠವನ್ನು ಕೌಕೊನಿಗೆ ಒಪ್ಪಿಸಿದವಳೂ ಅವಳೇ.

ಅವಳು ಒಳಗೆ ಹೋಗಿ ಕೆಳಗಿನ ಹಲಗೆಯ ಮೇಲೆ, ನೆಂಟರ ಮಕ್ಕಳನ್ನು ಕೂರಿಸುವ ಕಡೆ ಕೂತಳು. ಜೇನು ಸವರಿದ ಹಾಗೆ ಮೆಲ್ಲಗೆ ಕೇಳಿದಳು.

— ಅವರಿಗೆ ಶಾಖ ಸಾಕಾ, ಇನ್ನೂ ಸ್ವಲ್ಪ ಬೇಕಾ?

— ಇನ್ನೊಂದರ್ಧ ಗಂಟೆ.

— ಬೆನ್ನು ಉಜ್ಜಿಕೊಡಲಾ?

— ಬೇಡ, ಸೋಪು ತಾಗಬಾರದು.

— ಅಯ್ಯೋ, ನಾಜೂಕು. ಬನ್ನು ತಿಂತಾರೇನೋ ಕೇಳು.

ಕೌಕೊ ರಬ್ಬರ್ ಸುತ್ತಿಗೆ ಎತ್ತಿ ಪಿಸ್ಟನ್ನಿನ ನೆತ್ತಿಗೆ ಮೂರು ಸಲ ತಟ್ಟಿದ. ತೊಟ್ಟಿಲಲ್ಲಿ ಮಲಗಿದ ಮಗುವನ್ನು ಇದಕ್ಕಿಂತ ಗಟ್ಟಿಯಾಗಿ ತಟ್ಟುತ್ತಾರೆ. ಆಮೇಲೆ ಅಳತೆಪಟ್ಟಿ ಇಟ್ಟು ನೋಡಿದ, ಒದ್ದೆ ಪುಸ್ತಕದಲ್ಲಿ ಏನೋ ಬರೆದ.

— ಎಷ್ಟು ಇಳೀತು?

— ಇಳಿದಿಲ್ಲ.

— ಮತ್ತೆ ಬರೆದಿದ್ದು ಏನು?

— ಇಳಿದಿಲ್ಲ ಅಂತ.

ದನಿ ಎತ್ತುವಂತಿಲ್ಲ, ಆದರೆ ಕಲ್ಲಿನ ಮೇಲೆ ನೀರು ಹಾಕಬಾರದೆಂದು ಯಾರ ಅಮ್ಮನೂ ಹೇಳಿರಲಿಲ್ಲ. ರೌನಿ ಒಂದು ಸೌಟು ನೀರು ಸುರಿದಳು. ಹಬೆ ಭುಸ್ಸೆಂದು ಮೇಲಕ್ಕೆ ಹೋಗಿ ಮೇಲೆ ಕೂತ ಇಬ್ಬರನ್ನೂ ಮುಚ್ಚಿತು. ಇನ್ನೊಂದು ಸೌಟು. ಇನ್ನೊಂದು. ಕೌಕೊನ ಕಿವಿ ಕೆಂಪಾಯಿತು. ನಾಲ್ಕನೆಯದಕ್ಕೆ ಅವನು ಪುಸ್ತಕ ಎತ್ತಿಕೊಂಡು, ಗಾಳಿ ಬೇಕು ಎಂದೇನೋ ಗೊಣಗುತ್ತ ಹೊರಗೆ ಹೋದ. ಎಂಜಿನ್ನು ಮಾತ್ರ ಕದಲಲಿಲ್ಲ.

ರೌನಿ ಅದನ್ನು ದಿಟ್ಟಿಸಿದಳು. ಸೊಂಟ ಹಿಡಿದುಕೊಂಡೇ ಎರಡು ಹಲಗೆ ಹತ್ತಿದಳು. ಹತ್ತುವಾಗ ಒಲೆಯ ಪಕ್ಕದ ಬರ್ಚ್ ಕಟ್ಟಿಗೆಯೊಂದು ಕೈಗೆ ಬಂದಿತ್ತು. ಅದು ಹೇಗೆ ಬಂತೆಂದು ಕೇಳಿದ್ದರೆ ಅವಳಿಗೂ ಹೇಳಲಾಗುತ್ತಿರಲಿಲ್ಲ. ಬಾಯಲ್ಲಿ ಒಂದು ಮಾತಾಡದೆ, ಅಮ್ಮನ ಪಾಠ ಮುರಿಯದೆ, ಮೂರು ವರ್ಷದ ಒದ್ದೆ ಕಟ್ಟಿಗೆಯ ಸಿಟ್ಟನ್ನೆಲ್ಲ ಸೇರಿಸಿ ಪಿಸ್ಟನ್ನಿನ ನೆತ್ತಿಗೆ ಒಂದು ಕೊಟ್ಟಳು.

ಟಕ್ ಎಂದಿತು. ಪಿಸ್ಟನ್ನು ಒಂದು ಬೆರಳಿನಷ್ಟು ಕೆಳಗಿಳಿಯಿತು.

— ಏನದು ಸದ್ದು? ಹೊರಗಿನಿಂದ ಕೌಕೊ ಕೇಳಿದ.

— ಒಲೆಗೆ ಕಟ್ಟಿಗೆ ಹಾಕಿದೆ.

ಹೇಳಿಯಾದ ಮೇಲೆ ಅವಳಿಗೆ ತಾನು ಮಾಡಿದ್ದು ಏನೆಂದು ಹೊಳೆಯಿತು. ಅಲ್ಲಾಡಿದರೆ ಗಾಡಿ ಉಳಿಯುತ್ತದೆ. ಅಲ್ಲಾಡಿದ್ದು ಗೊತ್ತಿರುವುದು ತನಗೊಬ್ಬಳಿಗೆ. ಅವಳು ಸುಮ್ಮನಿದ್ದರೆ ಸಾಕು, ಸೋಮವಾರ ಹತ್ತು ಗಂಟೆಗೆ ಗುಜರಿಯವನು ಬರುತ್ತಾನೆ. ಕೌಕೊನ ಟೋಪಿ ಅಲ್ಲೇ ಬಿದ್ದಿತ್ತು. ಇಳಿದದ್ದು ಕಾಣದ ಹಾಗೆ ಅದನ್ನು ಎಂಜಿನ್ನಿನ ಮೇಲೆ ಹಾಕಿ ಹೊರಗೆ ಬಂದಳು.

ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಕೌಕೊ ಟವೆಲು ಸುತ್ತಿಕೊಂಡು, ಪುಸ್ತಕ ಮುಚ್ಚಿಟ್ಟುಕೊಂಡು ಕೂತಿದ್ದ. ಅವನ ಮುಖ ನೋಡಿ ಅವಳಿಗೆ ಒಳಗೆಲ್ಲೋ ಚುರ್ ಎಂದಿತು. ಸೊಂಟವೇ ಇರಬೇಕು ಎಂದುಕೊಂಡಳು.

— ನೀನು ಹೇಳಿದ್ದೇ ಸರಿ ರೌನಿ. ಮಾತು ಅಂದ್ರೆ ಮಾತು. ಸೋಮವಾರ ಕಳಿಸಿಬಿಡೋಣ.

— ಹೂಂ.

— ನನಗೇನೂ ಬೇಜಾರಿಲ್ಲ. ಬೇರೆ ಕೆಲಸ ಯೋಚಿಸಿದೀನಿ.

— ಏನದು?

— ಮನೆಯೊಳಗಿನದು. ಇಷ್ಟು ದಿನ ಕೊಟ್ಟಿಗೆಯಲ್ಲೇ ಕಳೆದೆ, ನಿನಗೆ ಜೊತೆಯೇ ಸಿಗಲಿಲ್ಲ. ಇನ್ನು ಬೆಳಿಗ್ಗೆಯಿಂದ ಸಂಜೆ ತನಕ ನಿನ್ನ ಜೊತೆಗೇ ಇರ್ತೀನಿ. ಮೊದಲು ಅಡುಗೆಮನೆ ಹಿಡಿಯೋಣ ಅಂತ.

ರೌನಿ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಕೌಕೊನಿಗೆ ಹುರುಪು ಬಂತು. ಡಬ್ಬಿಗಳನ್ನೆಲ್ಲ ಅಕ್ಷರಮಾಲೆಯ ಪ್ರಕಾರ ಜೋಡಿಸಬೇಕೆಂದ. ಕಪಾಟಿನ ಹಲಗೆಗಳು ಓರೆ ಇವೆ, ಬಿಚ್ಚಿ ಕೂರಿಸಬೇಕೆಂದ. ಒಂದು ಚಳಿಗಾಲ ಹಿಡಿಯಬಹುದಂತೆ. ಇನ್ನು ಅವಳು ಕಾಫಿಗೆ ಪುಡಿ ಹಾಕುವುದನ್ನು ಅವನು ವರ್ಷಗಳಿಂದ ಗಮನಿಸಿದ್ದನಂತೆ.

— ಒಂದು ದಿನ ಹಾಕಿದಷ್ಟು ಇನ್ನೊಂದು ದಿನ ಹಾಕಲ್ಲ ನೀನು. ಎಲ್ಲಾ ಕಣ್ಣಂದಾಜು. ನಾನು ಪಕ್ಕದಲ್ಲೇ ನಿಂತು, ಪ್ರತಿ ಸಲ ತೂಕ ಮಾಡಿ, ಪುಸ್ತಕದಲ್ಲಿ...

— ಕೌಕೊ.

— ಏನು?

— ಒಳಗೆ ಹೋಗಿ ನೋಡು. ನಿನ್ನ ಪಿಸ್ಟನ್ನು ಅಲ್ಲಾಡಿದೆ.

ಅವನು ಟವೆಲನ್ನು ಬೆಂಚಿನ ಮೇಲೇ ಬಿಟ್ಟು ಓಡಿದ. ರೌನಿ ಅವನ ಟವೆಲನ್ನೂ ಹೊದ್ದುಕೊಂಡು ಕೂತಳು. ಕಟ್ಟಿಗೆಗೆ ಒಂದು ಟಾರ್ಪಾಲು ತಂದರಾಯಿತು ಎಂದು ಲೆಕ್ಕ ಹಾಕಿದಳು. ಅಡುಗೆಮನೆ ಉಳಿಯಬೇಕಾದರೆ ಟಾರ್ಪಾಲು ಯಾವ ದೊಡ್ಡ ಮಾತು.

ಬಾಗಿಲು ತೆರೆಯಿತು. ಕೌಕೊ ಮುಖವೆಲ್ಲ ನಗುತ್ತ, ಬೆರಳ ತುದಿಯಲ್ಲಿ ಏನನ್ನೋ ಹಿಡಿದುಕೊಂಡು ಬಂದ.

— ಹದಿನೇಳು ಮಿಲಿಮೀಟರ್ ಇಳಿದಿದೆ. ಹಬೆಗೇ ಬಿಟ್ಟಿರಬೇಕು. ಆದ್ರೆ ನೆತ್ತಿ ಮೇಲೆ ಈ ಕಟ್ಟಿಗೆ ಸಿಬರು ಸಿಕ್ತು.

— ಇರಬಹುದು.

— ನೀನೊಬ್ಬಳೇ ಒಳಗೆ ಏನು ಮಾಡಿದೆ, ರೌನಿ?

— ಬುದ್ಧಿ ಹೇಳಿದೆ. ಒಂದೇ ಮಾತಿಗೆ ಅಲ್ಲಾಡಿತು. ಮೂವತ್ತೆಂಟು ವರ್ಷದಿಂದ ನಿನಗೂ ಹೇಳ್ತಾ ಇದೀನಿ, ನೀನು ಅಲ್ಲಾಡಿದೀಯಾ?

ಕೌಕೊ ಸಿಬರನ್ನು ತಿರುಗಿಸಿ ತಿರುಗಿಸಿ ನೋಡಿದ.

— ನನಗೆ ಯಾವತ್ತೂ ಕಟ್ಟಿಗೆಯಲ್ಲಿ ಹೇಳಿಲ್ಲವಲ್ಲ ನೀನು.

— ಒಳಗೇ ಇದೆ, ತಗೊಂಡು ಬಾ.