ಇಗರ್ಜಿಯಲ್ಲಿ ಹಿಡಿದ ಒಂದೇ ಸ್ವರ

ಸಾಧ್ಯವೇ ಇಲ್ಲ ಎಂದವರು ನನ್ನ ಸೋದರತ್ತೆ ಪದ್ಮಕ್ಕ. ನಮ್ಮ ಮನೆತನದಲ್ಲಿ ಯಾರೂ ಬಿ.ಎ. ಆಗುವುದಿಲ್ಲ ಎಂದವರೂ ಅವರೇ. ಎರಡು ಸಲ ಡುಮ್ಕಿ ಹೊಡೆದು ಮೂರನೆಯ ಸಲಕ್ಕೆ ನಾನು ಪಾಸಾಗಿ, ಪದವಿಪತ್ರಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ ಮೇಲೆ ಅವರ ಕಣ್ಣು ನನ್ನ ಗಂಟಲಿನ ಮೇಲೆ ಬಿತ್ತು. "ಬಸದಿ ಭಜನೇಲಿ ನೀನು ಬಾಯಿ ಬಿಟ್ರೆ ಪಕ್ಕದವ್ರು ಎದ್ದು ಹೋಗ್ತಾರೆ. ಇಗರ್ಜೀಲಿ ಹಾಡ್ತೀಯಾ? ಆಗೋ ಮಾತಲ್ಲ ಮಾರಾಯ."

ನಾನಾಗ ಸಾಗರದಲ್ಲಿ ಮೇಷ್ಟ್ರು. ಇಂಗ್ಲಿಷ್ ಪತ್ರಿಕೆ ಓದುವ ಆಸೆಗೆ ಇಗರ್ಜಿಯ ಇಟಲಿ ದೇಶದ ಮುದಿ ಪಾದ್ರಿಗಳಲ್ಲಿಗೆ ಹೋಗುತ್ತಿದ್ದೆ. ಡಿಸೆಂಬರ್ ಬಂತೆಂದರೆ ಅವರು ಪತ್ರಿಕೆ ಓದಲು ಬಿಡುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್‌ಗೆ ಮನೆಮನೆಯ ಬಾಗಿಲಲ್ಲಿ ನಿಂತು ಹಾಡುತ್ತಾರಂತೆ. ಜರ್ಮನಿಯಲ್ಲಿ ಗೋಪುರ ಹತ್ತಿ ತುತ್ತೂರಿ ಊದುತ್ತಾರಂತೆ. ದೊಡ್ಡ ಪಟ್ಟಣಗಳಲ್ಲಿ ಪಿಟೀಲುಗಳದೇ ಒಂದು ದಂಡಂತೆ. ಇವರ ಹಳ್ಳಿಗೆ ಕುರಿ ಕಾಯುವವರು ಚರ್ಮದ ಚೀಲಕ್ಕೆ ಕೊಳವೆ ಸಿಕ್ಕಿಸಿದ ವಾದ್ಯ ಊದುತ್ತ ಬೆಟ್ಟದಿಂದ ಇಳಿದು ಬರುತ್ತಿದ್ದರಂತೆ. ಇಗರ್ಜಿಯೊಳಗೆ ಮೇಲಿನಿಂದ ತಳದವರೆಗೆ ನಾಲ್ಕು ಬಗೆಯ ಕಂಠ, ಒಂದೊಂದಕ್ಕೂ ಬೇರೆ ದಾರಿ, ಹಾಡು ಮಾತ್ರ ಒಂದೇ. "ಊರು ಬಿಟ್ಟ ಮೇಲೆ ಆ ನಾಲ್ಕನ್ನೂ ಒಟ್ಟಿಗೆ ಕೇಳಿಲ್ಲ ಮೇಷ್ಟ್ರೇ. ಮುಂದಿನ ವರ್ಷ ನನಗೆ ವರ್ಗ. ಇಲ್ಲಿ ಮೂರು ಕಂಠ ಸಿಕ್ಕಿವೆ, ತಳದ್ದೊಂದಿಲ್ಲ. ನಿಮ್ಮದು ತಳದಲ್ಲೇ ಇದೆ."

ನನ್ನ ಗಂಟಲನ್ನು ಹೊಗಳಿದವರು ಅವರೊಬ್ಬರೇ. ಒಪ್ಪಿಕೊಂಡೆ.

ಅಭ್ಯಾಸಕ್ಕೆ ನಿಂತಾಗ ತೊಂದರೆ ಶುರುವಾಯಿತು. ಭಜನೆಯಲ್ಲಿ ಬೆಳೆದವನು ನಾನು; ಮುಂದಿನವರು ಒಂದು ಸಾಲು ಹೇಳಿದರೆ ಅದನ್ನೇ ತಿರುಗಿ ಹೇಳುವುದು ಮರ್ಯಾದೆ. ಮೇಲಿನ ಕಂಠದ ಹೆಂಗಸರು ಸಾಲು ಮುಗಿಸಿದ್ದೇ ತಡ, ನಾನು ಭಕ್ತಿಯಿಂದ ಅದನ್ನೇ ಹೇಳಿಬಿಡುತ್ತಿದ್ದೆ. ನಮ್ಮ ಇಡೀ ವಾದ್ಯವೃಂದವಾಗಿದ್ದ ಪೋಸ್ಟ್‌ಮಾಸ್ಟರು ಪಿಟೀಲು ಕೆಳಗಿಟ್ಟು, "ಇವ್ರನ್ನ ಗಂಟೆ ಹೊಡ್ಯಕ್ಕೆ ಹಾಕಿ ಫಾದರ್" ಎಂದರು. ಪಾದ್ರಿಗಳು ಯೋಚಿಸಿ, "ನಮ್ಮ ಕುರಿಯವರ ವಾದ್ಯದಲ್ಲಿ ಒಂದು ಕೊಳವೆ ಹಾಡುತ್ತದೆ, ಇನ್ನೊಂದು ಒಂದೇ ಸ್ವರ ಹಿಡಿದಿರುತ್ತದೆ. ನೀವು ಆ ಇನ್ನೊಂದು" ಎಂದರು. ಅಂದರೆ ನಮ್ಮ ವಾಲಗದಲ್ಲಿ ಕೆನ್ನೆ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂರುವ ಶ್ರುತಿಯವನ ಕೆಲಸ. ಬಿ.ಎ. ಓದಿ ಅಲ್ಲಿಗೆ ಮುಟ್ಟಿದ್ದೆ.

ಕ್ರಿಸ್‌ಮಸ್ ಬೆಳಿಗ್ಗೆ ಅತ್ತೆ ಹಿಂದಿನ ಬೆಂಚಿನಲ್ಲಿ ಪರೀಕ್ಷಕರಂತೆ ಕುಳಿತಿದ್ದರು. ಪೂಜೆ ಮುಗಿದ ಮೇಲೆ ನಮ್ಮ ಹಾಡು. ಪಾದ್ರಿಗಳು ಕಣ್ಣು ಮುಚ್ಚಿದರು. ನಾಲ್ಕೂ ಕಂಠ ಸೇರಿ ಹಾಡು ಸೊಗಸಾಗಿ ಮುಗಿಯಿತು. ನಾನು ಮುಗಿಸಲಿಲ್ಲ. ವಾಲಗದಲ್ಲಿ ಮಂಗಳವಾಗುವ ತನಕ ಶ್ರುತಿ ನಿಲ್ಲುವುದುಂಟೇ? ಎಲ್ಲರೂ ಮುಖ ಮುಖ ನೋಡಿಕೊಂಡರು. ಇನ್ನೂ ಇದೆಯೇನೋ ಎಂದುಕೊಂಡು ಪೋಸ್ಟ್‌ಮಾಸ್ಟರು ಮೊದಲಿನಿಂದ ಎತ್ತಿಕೊಂಡರು, ಹೆಂಗಸರು ಹಿಂಬಾಲಿಸಿದರು, ಇಡೀ ಹಾಡು ಮತ್ತೊಮ್ಮೆ ನಡೆಯಿತು. ಈ ಸಲ ಕೊನೆಗೆ ಯಾರೋ ನನ್ನ ಕಾಲು ತುಳಿದರು. ಬೈಸಿಕೊಳ್ಳಲು ಸಿದ್ಧನಾಗಿ ಹೋದರೆ ಪಾದ್ರಿಗಳು ಕಣ್ಣೊರೆಸಿಕೊಂಡು, "ನಾನು ಒಂದು ಸಲಕ್ಕೆ ಮಾತ್ರ ಆಸೆಪಟ್ಟಿದ್ದೆ ಮೇಷ್ಟ್ರೇ" ಎಂದರು.

ಹಾಡಿದವರಿಗೆಲ್ಲ ತಮ್ಮ ಕೈಯಲ್ಲೇ ಬರೆದ ಪ್ರಶಸ್ತಿಪತ್ರ ಕೊಟ್ಟರು. ನನ್ನದನ್ನು ಎದೆ ಸೆಟೆಸಿಕೊಂಡು ಅತ್ತೆಯ ಕೈಗಿಟ್ಟೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದಕ್ಕೂ ಕಟ್ಟು ಹಾಕ್ಸು. ಬಿ.ಎ.ನೂ ನೀನು ಹೀಗೇ ಅಲ್ವಾ ಪಾಸಾಗಿದ್ದು, ಎಲ್ಲಿ ಬಿಡ್ಬೇಕು ಅಂತ ಗೊತ್ತಾಗ್ದೆ."