ಹಿಂದಿನ ನಂಬರು

ಮುಂದೆ ನಂಬರ್ ಪ್ಲೇಟ್ ಇಲ್ಲದ ಬೈಕು ಎಷ್ಟೇ ಜೋರಾಗಿ ಹೋದರೂ ಅತಿವೇಗದಲ್ಲಿ ಹೋದಂತೆ ಆಗುವುದಿಲ್ಲ. ಇದು ಶಿವಮೊಗ್ಗ–ಭದ್ರಾವತಿ ರಸ್ತೆಯಲ್ಲಿ ಸಾಬೀತಾದ ಸಂಗತಿ. ಅತಿವೇಗ ಆಗಬೇಕಾದರೆ ವಾಹನ ಬೇಕು, ವೇಗ ಬೇಕು, ನಂಬರು ಬೇಕು. ಮೊದಲಿನ ಎರಡು ಇದ್ದು ನಂಬರು ಇಲ್ಲದಿದ್ದರೆ ಅದನ್ನು ಗಾಳಿ ಎಂದೇ ತಿಳಿಯಬೇಕು. ಗಾಳಿಗೆ ನೋಟಿಸು ಕೊಡುವ ಅಧಿಕಾರ ಹೆದ್ದಾರಿ ವೇಗ ಪರಿವೀಕ್ಷಣಾ ಘಟಕಕ್ಕೆ ಇಲ್ಲ.

ಸದರಿ ಘಟಕವು ಮಾಚೇನಹಳ್ಳಿಯ ಹತ್ತಿರ ಕಂಬ ನೆಟ್ಟು ಕ್ಯಾಮೆರಾ ಕಟ್ಟಿತ್ತು. ಮಂಜೂರಾಗಿದ್ದದ್ದು ಎರಡು: ಬರುವ ವಾಹನದ ಮುಖ ನೋಡುವುದಕ್ಕೆ ಒಂದು, ದಾಟಿ ಹೋದ ವಾಹನದ ಬೆನ್ನು ನೋಡುವುದಕ್ಕೆ ಇನ್ನೊಂದು. ಬೆನ್ನು ನೋಡುವ ಕ್ಯಾಮೆರಾವನ್ನು ಗುತ್ತಿಗೆದಾರರು ತಾತ್ಕಾಲಿಕವಾಗಿ ತಮ್ಮ ಅಡಿಕೆ ಗೋದಾಮಿನಲ್ಲಿ ಅಳವಡಿಸಿಕೊಂಡರು. ಅದು ಅಲ್ಲಿ ಹಗಲೂ ರಾತ್ರಿ ಕರ್ತವ್ಯದಲ್ಲಿದೆ. ಇದುವರೆಗೆ ಒಂದು ಮೂಟೆ ಅಡಿಕೆಯೂ ನಿಗದಿತ ವೇಗವನ್ನು ಮೀರಿಲ್ಲವೆಂದು ಘಟಕದ ವರದಿಯಲ್ಲಿ ತೃಪ್ತಿ ವ್ಯಕ್ತಪಡಿಸಲಾಗಿದೆ.

ರಸ್ತೆಯಲ್ಲಿ ಉಳಿದದ್ದು ಮುಖ ನೋಡುವ ಕ್ಯಾಮೆರಾ ಮಾತ್ರ ಎಂಬುದು ಬೈಕಿನ ಹುಡುಗರಿಗೆ ಬೇಗನೆ ಗೊತ್ತಾಯಿತು. ಮುಂದಿನ ಪ್ಲೇಟು ಬಿಚ್ಚಿ ಮನೆಯಲ್ಲಿಟ್ಟು ಹೊರಟರು. ಕ್ಯಾಮೆರಾ ಒಂದು ದಿನವೂ ರಜೆ ಹಾಕದೆ ಅವರ ಫೋಟೊ ತೆಗೆಯಿತು. ಫೋಟೊದಲ್ಲಿ ಅವರ ಕೂದಲು ಕಂಡಿತು, ಹಲ್ಲು ಕಂಡಿತು, ಕೆಲವರು ಕೈ ಬೀಸಿದ್ದೂ ಕಂಡಿತು. ನಂಬರು ಕಾಣಲಿಲ್ಲ. ಇಂಥ ಫೋಟೊಗಳು ರಾಶಿ ಬಿದ್ದಾಗ ಘಟಕ ಅವಕ್ಕೆ ‘ವಾರಸುದಾರರಿಲ್ಲದ ವೇಗ’ ಎಂದು ಹೆಸರಿಟ್ಟಿತು. ಹೆಸರಿಟ್ಟ ಮೇಲೆ ಸಮಸ್ಯೆ ಅರ್ಧ ಬಗೆಹರಿದಂತೆ. ಉಳಿದರ್ಧಕ್ಕಾಗಿ ಘಟಕದ ಮುಖ್ಯಾಧಿಕಾರಿ ವಾದಿರಾಜ ಅವರು ಒಂದು ಸುತ್ತೋಲೆ ಹೊರಡಿಸಿದರು:

‘ಮುಂದಿನ ನಂಬರು ಕಾಣದ ಪ್ರಕರಣಗಳನ್ನು ಹಿಂದಿನ ನಂಬರಿನ ಮೇಲೆ ದಾಖಲಿಸತಕ್ಕದ್ದು.’

ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಬೈಕಿನ ಮುಂದೆ ನಂಬರು ಇಲ್ಲದಿದ್ದರೆ ಅದೇ ಬೈಕಿನ ಹಿಂದೆ ನೋಡಿ ಎಂದು ಸಾಹೇಬರ ಅಭಿಪ್ರಾಯ. ಆದರೆ ಹಿಂದೆ ನೋಡುವ ಕ್ಯಾಮೆರಾ ಅಡಿಕೆ ನೋಡುತ್ತಿತ್ತು. ಹೀಗಾಗಿ ಕಚೇರಿಯ ಗುಮಾಸ್ತ ಷಡಕ್ಷರಪ್ಪನವರು ಇದ್ದ ಫೋಟೊವನ್ನೇ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ, ಕನ್ನಡಕ ಏರಿಸಿ, ಹಿಂದಿನ ನಂಬರು ಹುಡುಕಿದರು. ಸಿಕ್ಕಿತು. ಬೈಕಿನ ಹಿಂದೆ, ಸ್ವಲ್ಪ ದೂರದಲ್ಲಿ, ಆಕಾಶನೀಲಿ ಬಣ್ಣದ ಸ್ಕೂಟರು ಬರುತ್ತಿತ್ತು. ಅದರ ಪ್ಲೇಟು ಒರೆಸಿಟ್ಟ ತಟ್ಟೆಯ ಹಾಗೆ ಹೊಳೆಯುತ್ತಿತ್ತು.

ಆ ಸ್ಕೂಟರು ತನುಜಾಳದು.

ತನುಜಾ ಭದ್ರಾವತಿಯ ನ್ಯೂ ಟೌನಿನಲ್ಲಿ ಮನೆಯಲ್ಲೇ ಕೇಕ್ ಮಾಡುತ್ತಾಳೆ. ಮೊಟ್ಟೆ ಹಾಕದ ಕೇಕ್. ಶಿವಮೊಗ್ಗದ ವಿದ್ಯಾನಗರದಲ್ಲಿ ಮೊಟ್ಟೆ ಮುಟ್ಟದ ಮನೆಗಳು ಬೇಕಾದಷ್ಟಿವೆ, ಆ ಮನೆಗಳಲ್ಲಿ ಮಕ್ಕಳೂ ಇದ್ದಾರೆ. ಗಂಡ ಪ್ರಸನ್ನಕುಮಾರನಿಗೆ ಅರ್ಧ ವರ್ಷ ಕೆಲಸ ಇರುತ್ತದೆ, ಅರ್ಧ ವರ್ಷ ಇರುವುದಿಲ್ಲ; ಮನೆ ನಡೆಯುವುದು ಕೇಕಿನಿಂದ, ಕೇಕ್ ನಡೆಯುವುದು ಸ್ಕೂಟರಿನಿಂದ. ಒಮ್ಮೆ ಬಸ್ಸಿನಲ್ಲಿ ಒಯ್ದು ನೋಡಿದ್ದಳು. ನಿಂತಿದ್ದವರೊಬ್ಬರು ಡಬ್ಬಿಯನ್ನು ಸೀಟು ಅಂದುಕೊಂಡಿದ್ದರು.

ಅಂದಿನಿಂದ ಡಬ್ಬಿಯನ್ನು ಸ್ಕೂಟರಿನಲ್ಲಿ ಎರಡು ಕಾಲಿನ ನಡುವೆ ಇಟ್ಟುಕೊಂಡು, ಗುಂಡಿ ಬಂದಲ್ಲಿ ನಿಂತು, ದಿಬ್ಬ ಬಂದಲ್ಲಿ ಇಳಿದು ಹೋಗುತ್ತಿದ್ದಳು. ಹಾಲಿನವರ ಸೈಕಲ್ಲುಗಳು ಅವಳನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಕೇಕಿನ ಮೇಲಿನ ಕೆನೆಯ ಗುಲಾಬಿ ಹೊರಟಾಗ ಎಲ್ಲಿತ್ತೋ ಇಳಿಸುವಾಗಲೂ ಅಲ್ಲೇ ಇರಬೇಕು ಎಂಬುದು ಅವಳ ಹಟ. ವಿದ್ಯಾನಗರದ ಸುಬ್ಬಲಕ್ಷ್ಮಮ್ಮನವರು ಡಬ್ಬಿ ತೆರೆದ ಕೂಡಲೇ ಮೊದಲು ಗುಲಾಬಿ ನೋಡಿ, ಆಮೇಲೆ ಗಡಿಯಾರ ನೋಡುತ್ತಿದ್ದರು. ತಡವಾಯಿತು ಎಂದು ಪ್ರತಿ ಸಲ ಗೊಣಗಿ, ಮುಂದಿನ ಕೇಕನ್ನೂ ಪ್ರತಿ ಸಲ ಅವಳಿಗೇ ಹೇಳುತ್ತಿದ್ದರು.

ಇಂಥ ತನುಜಾಳಿಗೆ ಬಂದ ನೋಟಿಸಿನಲ್ಲಿ ಗಂಟೆಗೆ ತೊಂಬತ್ತನಾಲ್ಕು ಕಿಲೋಮೀಟರ್ ಎಂದಿತ್ತು. ಪ್ರಸನ್ನಕುಮಾರ ಅದನ್ನು ಓದಿ ಹೊರಗೆ ಹೋಗಿ ಸ್ಕೂಟರನ್ನು ಒಂದು ಸುತ್ತು ಬಂದು ನೋಡಿದ.

“ಮಾರಾಯ್ತಿ, ಇದು ನನ್ನ ಕೈಯಲ್ಲಿ ಯಾವತ್ತೂ ಇಷ್ಟು ಹೋಗಿಲ್ಲ. ನೀನು ಏನು ಕೊಟ್ಟೆ ಇದಕ್ಕೆ?”

ಅವಳು ನಗಲಿಲ್ಲ. ನೋಟಿಸಿನ ಕೆಳಗೆ ಸಣ್ಣ ಅಕ್ಷರದಲ್ಲಿ, ಮೂರನೇ ಪ್ರಕರಣಕ್ಕೆ ಚಾಲನಾ ಪರವಾನಗಿ ಅಮಾನತು ಎಂದಿತ್ತು. ಲೈಸೆನ್ಸ್ ಹೋದರೆ ಸ್ಕೂಟರು ಹೋಯಿತು, ಸ್ಕೂಟರು ಹೋದರೆ ವಿದ್ಯಾನಗರ ಹೋಯಿತು.

ಮರುದಿನ ಘಟಕದ ಕಚೇರಿಗೆ ಹೋದಳು. ಷಡಕ್ಷರಪ್ಪನವರು ಒಳ್ಳೆಯ ಮನುಷ್ಯ. ಕುರ್ಚಿ ಕೊಟ್ಟರು, ಫೋಟೊ ತೋರಿಸಿದರು. ಮುಂದೆ ಕಪ್ಪು ಬೈಕು, ಅದರ ಮೇಲೆ ನಾಲಿಗೆ ಹೊರಗೆ ಹಾಕಿದ ಹುಡುಗ. ಹಿಂದೆ ಎಲ್ಲೋ ತನುಜಾ, ಕಾಲ ನಡುವೆ ಡಬ್ಬಿ. ತೊಂಬತ್ತನಾಲ್ಕು ಓಡಿದ್ದು ಈ ಹುಡುಗ ಅಲ್ಲವೇ ಎಂದು ಕೇಳಿದಳು. ಹುಡುಗನೇ ಎಂದು ಅವರು ಕೂಡಲೇ ಒಪ್ಪಿಕೊಂಡರು. ಕಚೇರಿಯಲ್ಲಿ ಯಾರಿಗೂ ಅದರ ಬಗ್ಗೆ ಅನುಮಾನ ಇರಲಿಲ್ಲ. ಆಮೇಲೆ ಸುತ್ತೋಲೆ ಓದಿ ಹೇಳಿದರು.

“ಹಿಂದಿನ ನಂಬರು ಅಂದ್ರೆ ಅದೇ ಬೈಕಿನ ಹಿಂದಿನದು ಸಾರ್,” ಅಂದಳು ತನುಜಾ. “ಹಿಂದೆ ಬರೋರದ್ದಲ್ಲ.”

“ಹಾಗಂತ ಬರೆದಿಲ್ವಲ್ಲಮ್ಮ.”

“ಹೀಗಂತಲೂ ಬರೆದಿಲ್ಲ.”

“ಅದಕ್ಕೇ ಕಾಣಿಸಿದ್ದನ್ನ ತಗೊಂಡಿದ್ದೀವಿ. ಬೈಕಿನ ಬೆನ್ನು ಕಾಣಿಸಲ್ಲ, ನೀವು ಕಾಣಿಸ್ತೀರಿ. ಕಾಣದೇ ಇರೋದರ ಮೇಲೆ ಕೇಸ್ ಹಾಕಿದ್ರೆ ಅನ್ಯಾಯ ಆಗುತ್ತೆ.”

ಅನ್ಯಾಯ ಆಗಬಾರದು ಎಂಬ ಅವರ ಕಾಳಜಿಗೆ ಕೈ ಮುಗಿದು ತನುಜಾ ಎದ್ದು ಬಂದಳು.

ಸುತ್ತೋಲೆ ಇಷ್ಟಕ್ಕೇ ನಿಂತಿದ್ದರೆ ಆ ರಸ್ತೆಯ ಪಾಪ ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಚಿ ಹೋಗುತ್ತಿತ್ತು. ಆದರೆ ಒಂದು ದಿನ ಪ್ಲೇಟಿಲ್ಲದ ಬೈಕಿನ ಹಿಂದೆ ಗಣ್ಯರೊಬ್ಬರ ಕಾರು ಬಂತು. ನೋಟಿಸು ಅವರ ಮನೆ ತಲುಪುವ ಮೊದಲೇ ತಿದ್ದುಪಡಿ ಕಚೇರಿ ತಲುಪಿತು: ‘ಹಿಂದಿನ ನಂಬರು ಎಂದಿರುವುದನ್ನು, ಗಣ್ಯರದ್ದಲ್ಲದ, ಎರಡು ಚಕ್ರದ, ಓದಲು ಬರುವ ನಂಬರು ಎಂದು ಓದಿಕೊಳ್ಳತಕ್ಕದ್ದು.’

ಸರಿಯಾಗಿ ಓಡಿಸುತ್ತಿದ್ದ ಸ್ಕೂಟರಿನವರಿಗೂ ಈಗ ಬುದ್ಧಿ ಬಂತು. ಅಡುಗೆಭಟ್ಟರು, ಮೇಷ್ಟ್ರುಗಳು, ವಾಕಿಂಗಿಗೆ ಹೋಗುವ ನಿವೃತ್ತರು, ಎಲ್ಲರೂ ನ್ಯೂ ಟೌನಿನ ಮೆಕ್ಯಾನಿಕ್ ಪರಮೇಶನ ಗ್ಯಾರೇಜಿನ ಮುಂದೆ ಸಾಲು ನಿಂತರು. ಅವನು ಗಾಳಿ ಹಾಕಿಸಿಕೊಂಡವರಿಗೆ ಪ್ಲೇಟು ಬಿಚ್ಚುವುದು ಉಚಿತ ಎಂದು ಬೋರ್ಡು ಹಾಕಿದ. ರಸ್ತೆಯಲ್ಲಿ ನಿಲ್ಲಬೇಕಾದ ಪೊಲೀಸರು ಇವರನ್ನು ಯಾಕೆ ಹಿಡಿಯಲಿಲ್ಲ ಎಂದು ಕೇಳುವವರು ಇದ್ದಾರೆ. ಅದಕ್ಕೆಂದೇ ಕ್ಯಾಮೆರಾ ಹಾಕಿದ ಮೇಲೆ ರಸ್ತೆಯಲ್ಲಿ ಯಾರು ನಿಲ್ಲುತ್ತಾರೆ?

ತನುಜಾ ಪ್ಲೇಟು ಬಿಚ್ಚಿಸಲಿಲ್ಲ. ಪರಮೇಶ ಸ್ಪ್ಯಾನರ್ ಹಿಡಿದುಕೊಂಡೇ ಕೇಳಿದ, “ಯಾಕಕ್ಕ, ನಿಮಗೊಬ್ಬರಿಗೇ ಯಾಕೆ ಬೇಕು ಈ ತಲೆನೋವು?” ತಪ್ಪು ಮಾಡದೆ ತಪ್ಪಿತಸ್ಥೆ ಆಗಿದ್ದೀನಿ, ತಪ್ಪು ಮಾಡಿ ಯಾಕೆ ಅವರನ್ನ ಸರಿ ಮಾಡಲಿ ಅಂದಳು. ಪರಮೇಶನಿಗೆ ಅರ್ಥವಾಗಲಿಲ್ಲ, ಆದರೂ ಗಾಳಿ ಹಾಕಿ ಕಳಿಸಿದ.

ಹೀಗೆ ಆ ರಸ್ತೆಯಲ್ಲಿ ಓದಲು ಬರುವ ಎರಡು ಚಕ್ರದ ನಂಬರು ಒಂದೇ ಒಂದು ಉಳಿಯಿತು. ಅವಳು ಹೊರಟ ಹೊತ್ತಿನಲ್ಲಿ ಯಾರು ಎಷ್ಟು ಓಡಿಸಿದರೂ ಎಲ್ಲ ವೇಗವೂ ಹಳ್ಳಗಳು ನದಿ ಸೇರಿದ ಹಾಗೆ ಅವಳನ್ನು ಬಂದು ಸೇರಿತು. ಬೈಕಿನ ಹುಡುಗರು ದಾಟುವಾಗ ಕೃತಜ್ಞತೆಯಿಂದ “ಥ್ಯಾಂಕ್ಸ್ ಅಕ್ಕ” ಎಂದು ಕೂಗಿ ಹೋಗುತ್ತಿದ್ದರು. ಎರಡನೇ ನೋಟಿಸು ಬಂತು.

ಮೂರನೆಯದು ಬರುವ ಮೊದಲು ಅವಳು ಒಂದು ಕೇಕ್ ಮಾಡಿದಳು. ಮೇಲೆ ಅತ್ಯಂತ ತೆಳ್ಳಗಿನ ಗುಲಾಬಿ ಮಾಡಿ, ಸ್ಕೂಟರಿನಲ್ಲಿಟ್ಟುಕೊಂಡು ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಂದು, ನೇರವಾಗಿ ವಾದಿರಾಜರ ಮೇಜಿನ ಮೇಲೆ ಡಬ್ಬಿ ತೆರೆದಳು.

“ಸಾರ್, ಇದು ನನ್ನ ವೇಗ,” ಅಂದಳು. “ತೊಂಬತ್ತರಲ್ಲಿ ಬಂದಿದ್ರೆ ಈ ಹೂವು ನಿಂತಿರ್ತಿತ್ತಾ?”

ಕಚೇರಿಯವರೆಲ್ಲ ಬಂದು ನೋಡಿದರು. ಗುಲಾಬಿ ಎಸಳು ಸಮೇತ ನೆಟ್ಟಗೆ ನಿಂತಿತ್ತು. ವಾದಿರಾಜರು ಸಂಯಮದ ಮನುಷ್ಯ. ಅವರು ಕೇಕನ್ನು ನಾಲ್ಕೂ ಕಡೆಯಿಂದ ನೋಡಿ, ಫೈಲನ್ನೂ ನೋಡಿ, ನಿಧಾನವಾಗಿ ಹೇಳಿದರು.

“ಫೈಲ್ ಪ್ರಕಾರ ನೀವು ತೊಂಬತ್ತನಾಲ್ಕರಲ್ಲಿ ಹೋಗಿದ್ದೀರಿ. ಆದರೂ ಹೂವು ಅಲುಗಾಡಿಲ್ಲ ಅಂದ್ರೆ ಅದು ಒಂದು ದಿನದ್ದಲ್ಲ. ಅಭ್ಯಾಸ ಆಗಿದೆ ನಿಮಗೆ.”

‘ಅತಿವೇಗದಲ್ಲಿ ಪಳಗಿದವರು’ ಎಂಬ ಷರಾ ಫೈಲಿಗೆ ಸೇರಿತು. ಕೇಕನ್ನು ಸಾಕ್ಷ್ಯವಾಗಿ ವಶಪಡಿಸಿಕೊಳ್ಳಲಾಯಿತು. ಸಂಜೆಯೊಳಗೆ ಸಿಬ್ಬಂದಿ ಸಾಕ್ಷ್ಯವನ್ನು ಸಂಪೂರ್ಣವಾಗಿ ಪರಿಶೀಲಿಸಿದರು. ಡಬ್ಬಿ ಮಾತ್ರ ಉಳಿಯಿತು.

ಹೊರಡುವ ಮುನ್ನ ಅವಳು ಕೇಳಿದಳು, ಹಾಗಾದರೆ ಎಲ್ಲರ ಹಾಗೆ ನಾನೂ ಪ್ಲೇಟು ತೆಗೆದುಬಿಡಲೇ ಎಂದು. ವಾದಿರಾಜರಿಗೆ ನಿಜವಾಗಿಯೂ ನೋವಾಯಿತು.

“ಛೆ, ಏನು ಮಾತಾಡ್ತೀರಮ್ಮ? ಅದು ಕಾನೂನುಬಾಹಿರ. ಕಾನೂನು ಪಾಲಿಸೋರು ಒಬ್ಬರಾದ್ರೂ ಇರಬೇಕು. ಇಲ್ಲದಿದ್ರೆ ನಾವು ಕೇಸ್ ಹಾಕೋದು ಯಾರ ಮೇಲೆ?”

ಮೂರನೇ ನೋಟಿಸು ಬಂತು, ಅದರ ಬೆನ್ನಿಗೇ ಅಮಾನತಿನ ಆದೇಶ ಪಡೆಯಲು ಕರೆ ಬಂತು. ತನುಜಾ ಹೋದಾಗ ಷಡಕ್ಷರಪ್ಪನವರ ಮುಖ ಬಾಡಿತ್ತು. ಆದೇಶದ ಪ್ರತಿ ಕೈಯಲ್ಲಿ ಹಿಡಿದಿದ್ದರು, ಕೊಡುತ್ತಿರಲಿಲ್ಲ. ಅವಳು ನಾಳೆಯಿಂದ ಸ್ಕೂಟರು ಓಡಿಸುವಂತಿಲ್ಲ. ಅವಳು ಓಡಿಸದಿದ್ದರೆ ಘಟಕಕ್ಕೆ ಹಿಂದಿನ ನಂಬರೇ ಇಲ್ಲ. ನಂಬರು ಇಲ್ಲದಿದ್ದರೆ ಪ್ರಕರಣ ಇಲ್ಲ. ಪ್ರಕರಣ ಇಲ್ಲದ ಘಟಕವನ್ನು ಸರ್ಕಾರ ಮುಚ್ಚಿಬಿಡುತ್ತದೆ. ಸಾಹೇಬರು ಬೆಳಗ್ಗಿನಿಂದ ಕಾಫಿಯನ್ನೂ ಕುಡಿದಿಲ್ಲವೆಂದು ಅವರು ಮೆಲ್ಲಗೆ ಹೇಳಿದರು.

ತನುಜಾ ಆ ಕಾಗದವನ್ನು ಅವರ ಕೈಯಲ್ಲೇ ಬಿಟ್ಟಳು. ಆಮೇಲೆ ಕೆಳಗೆ ಹೋದಳು. ಸ್ಕೂಟರಿನ ಸೀಟಿನಡಿಯಿಂದ ಸ್ಕ್ರೂಡ್ರೈವರ್ ತೆಗೆದು ಮುಂದಿನ ಪ್ಲೇಟು ಬಿಚ್ಚಿದಳು. ಸೆರಗಿನಿಂದ ಒಮ್ಮೆ ಒರೆಸಿ, ಮೇಲೆ ಬಂದು ವಾದಿರಾಜರ ಮೇಜಿನ ಮೇಲೆ ಇಟ್ಟಳು. ಕೇಕ್ ಇಟ್ಟಿದ್ದ ಜಾಗದಲ್ಲೇ.

“ನಿಮಗೆ ಬೇಕಾಗಿರೋದು ನಾನಲ್ಲ, ಇದು. ಇಟ್ಕೊಳ್ಳಿ. ಲೈಸೆನ್ಸ್ ನನಗೆ ಬಿಡಿ.”

ಬೈಗುಳಕ್ಕೆ ಬದಲಾಗಿ ಅಂದದ್ದು ಅದು. ಆದರೆ ಕಚೇರಿ ಅದನ್ನು ಸಲಹೆಯಾಗಿ ಸ್ವೀಕರಿಸಿತು. ವಾದಿರಾಜರು ಪ್ಲೇಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಕಾಫಿ ತರಿಸಿದರು. ಅವಳಿಗೂ ಒಂದು ಲೋಟ ಬಂತು.

ವಾರದೊಳಗೆ ಮಾಚೇನಹಳ್ಳಿಯಲ್ಲಿ ಕ್ಯಾಮೆರಾದ ಎದುರು ಇನ್ನೊಂದು ಕಂಬ ಎದ್ದಿತು, ಗುತ್ತಿಗೆ ಅದೇ ಗುತ್ತಿಗೆದಾರರದು. ಕಂಬಕ್ಕೆ ತನುಜಾಳ ಪ್ಲೇಟನ್ನು ಬಿಗಿದರು. ಈಗ ಯಾರ ಫೋಟೊ ತೆಗೆದರೂ ಹಿಂದೆ ಆ ನಂಬರು ಇದ್ದೇ ಇರುತ್ತದೆ, ಮಳೆ ಬಂದರೂ ಅದಕ್ಕೆ ರಜೆ ಇಲ್ಲ. ಪ್ರಕರಣಗಳೆಲ್ಲ ಕಂಬದ ಮೇಲೆ ದಾಖಲಾಗುತ್ತವೆ. ಕಂಬಕ್ಕೆ ಹೆಲ್ಮೆಟ್ ಇಲ್ಲದಿರುವುದು, ಲೈಸೆನ್ಸ್ ಇಲ್ಲದಿರುವುದು ತಪಾಸಣೆಯಲ್ಲಿ ಕಂಡುಬಂದದ್ದರಿಂದ ಒಂದೊಂದು ಫೋಟೊಗೂ ಈಗ ಮೂರು ಪ್ರಕರಣ. ನೋಟಿಸುಗಳನ್ನು ಕಂಬಕ್ಕೇ ಅಂಟಿಸಿ ಬರುತ್ತಾರೆ. ಕಂಬ ಇದುವರೆಗೆ ಆಕ್ಷೇಪಣೆ ಸಲ್ಲಿಸಿಲ್ಲ. ದಂಡ ವಸೂಲಾಗಿಲ್ಲ, ಆದರೆ ಗುರಿ ಇರುವುದು ದಾಖಲಾತಿಗೆ. ದಾಖಲಾತಿಯಲ್ಲಿ ಘಟಕ ರಾಜ್ಯಕ್ಕೇ ಮೊದಲ ಸ್ಥಾನದಲ್ಲಿದೆ. ಆಯುಧಪೂಜೆಯ ದಿನ ಯಾರೋ ಕಂಬಕ್ಕೆ ಚೆಂಡುಹೂವಿನ ಹಾರ ಹಾಕಿ ನಿಂಬೆಹಣ್ಣು ಇಟ್ಟರು. ನಂಬರಿಗೆ ಹೂವು ಅಡ್ಡ ಬಂದದ್ದರಿಂದ ಅದಕ್ಕೂ ಒಂದು ನೋಟಿಸು ಹೋಯಿತು.

ತನುಜಾಳ ಲೈಸೆನ್ಸ್ ಉಳಿಯಿತು. ಅವಳ ಸ್ಕೂಟರಿಗೆ ಮುಂದೆ ನಂಬರು ಇಲ್ಲ, ಆದ್ದರಿಂದ ಅದು ವೇಗವಾಗಿ ಹೋಗುವುದು ಸಾಧ್ಯವಿಲ್ಲ. ಮೊದಲ ಕೆಲವು ದಿನ ಹಳೆಯ ಹಾಗೆಯೇ ಗುಂಡಿಗೆ ನಿಂತು, ದಿಬ್ಬಕ್ಕೆ ಇಳಿದು ಹೋದಳು. ಆಮೇಲೆ ನಿಲ್ಲುವುದು ಬಿಟ್ಟಳು. ಆರ್ಡರುಗಳೂ ಜಾಸ್ತಿಯಾಗಿದ್ದವು. ಈಗ ಹಾಲಿನವರ ಸೈಕಲ್ಲು ಅವಳ ಸಮಕ್ಕೆ ಬರಲಾರದು. ಬೈಕಿನ ಹುಡುಗನೊಬ್ಬ ಅವಳನ್ನು ದಾಟಲು ನೋಡಿ, ಆಗದೆ, ಹಿಂದೆ ಸರಿದು ದಾರಿ ಬಿಟ್ಟದ್ದೂ ಉಂಟು.

ಮೊನ್ನೆ ಸುಬ್ಬಲಕ್ಷ್ಮಮ್ಮನವರ ಮೊಮ್ಮಗಳು ಕವನಾಳ ಹುಟ್ಟುಹಬ್ಬ. ತನುಜಾ ಡಬ್ಬಿ ಇಳಿಸಿದಾಗ ದೀಪ ಹಚ್ಚುವ ಹೊತ್ತೂ ಆಗಿರಲಿಲ್ಲ. ಸುಬ್ಬಲಕ್ಷ್ಮಮ್ಮನವರು ಗಡಿಯಾರ ನೋಡಿ, “ಅಬ್ಬ, ಇವತ್ತು ಹೇಳಿದ್ದಕ್ಕಿಂತ ಮುಂಚೆ ಬಂದೆಯಲ್ಲೇ ಮಾರಾಯ್ತಿ,” ಎಂದು ಸಂತೋಷಪಟ್ಟರು. ಆಮೇಲೆ ಮುಚ್ಚಳ ತೆಗೆದರು. ಕವನಾಳ ‘ಕ’ ಡಬ್ಬಿಯ ಗೋಡೆಗೆ ಹತ್ತಿಕೊಂಡಿತ್ತು, ‘ವನಾ’ ಮಾತ್ರ ಕೇಕಿನ ಮೇಲೆ ಉಳಿದಿತ್ತು, ಗುಲಾಬಿ ಒಂದು ಮೂಲೆಗೆ ಜಾರಿ ಮಲಗಿತ್ತು.

ತನುಜಾ ಏನೋ ಹೇಳಲು ಹೋದಳು. ಸುಬ್ಬಲಕ್ಷ್ಮಮ್ಮನವರು ಬಿಡಲಿಲ್ಲ. ಎಲ್ಲ ಕಡೆಯೂ ಈಗ ಹೀಗೇ ಬರುತ್ತದೆ, ಅದಕ್ಕೇನು ಎಂದು ಅವರೇ ಸಮಾಧಾನ ಮಾಡಿದರು. ಗುಲಾಬಿಯನ್ನು ಬೆರಳಿನಿಂದ ಎತ್ತಿ ನಿಲ್ಲಿಸಲು ನೋಡಿದರು. ಅದು ನಿಲ್ಲಲಿಲ್ಲ. ಬೆರಳು ಚೀಪಿಕೊಂಡು, “ರುಚಿ ಅದೇ ಇದೆ ಬಿಡು,” ಅಂದರು.